ಹೋಯಿ ಆನ್ ಬಾವಿಯ ನೀರು

ನಮ್ಮ ದೊಡ್ಡಪ್ಪನ ಮಗ ಮಾನಪ್ಪ ಒಂದು ಕಡೆ ನೆಟ್ಟಗೆ ಕೂತದ್ದನ್ನು ನಾನು ನೋಡಿದ್ದು ಅಪರೂಪ. ಸಣ್ಣವನಿದ್ದಾಗ ಹಾಗಿರಲಿಲ್ಲವಂತೆ, ದನ ಮೇಯಲು ಬಿಟ್ಟು ಬೇವಿನ ಗಿಡದ ಕೆಳಗೆ ಹೊತ್ತು ಮುಳುಗುವ ತನಕ ನಿದ್ದೆ ಹೊಡೆಯುತ್ತಿದ್ದನಂತೆ. ಮಿಲಿಟರಿ ಸೇರಿ ವರ್ಷಗಟ್ಟಲೆ ಜೀಪು ಓಡಿಸಿದ ಮೇಲೂ ಆಸಾಮಿ ಅಷ್ಟೇನೂ ಕೆಟ್ಟಿರಲಿಲ್ಲ. ಕೆಟ್ಟದ್ದು ವಿಯೆಟ್ನಾಮಿಗೆ ಹೋಗಿಬಂದ ಮೇಲೆ. ಎಪ್ಪತ್ತೆರಡರಲ್ಲಿ ರಜೆಗೆಂದು ಊರಿಗೆ ಬಂದವನು ಅಂಗಳದಲ್ಲಿ ಕೂರುತ್ತಿದ್ದ, ಏಳುತ್ತಿದ್ದ, ಓಣಿಯ ತುದಿಗೆ ಹೋಗಿ ಊರ ಬಾವಿಯ ಕಡೆ ನೋಡುತ್ತಿದ್ದ, ಮತ್ತೆ ತಿರುಗಿ ಬಂದು ಕೂರುತ್ತಿದ್ದ. ನೋಡುವವರಿಗೇ ತಲೆ ಸುತ್ತಬೇಕು, ಹಾಗೆ.

ಊರು ಇಂಡಿ ತಾಲೂಕಿನದು. ಹೆಸರು ಬೇಡ. ಹೆಸರು ಹೇಳಿದರೆ ಅದೊಂದೇ ಊರು ಹಾಗಿತ್ತು ಎಂದು ಸುತ್ತಲಿನ ಊರಿನವರು ಮೀಸೆ ತಿರುವುತ್ತಾರೆ. ಅಷ್ಟು ಸುಲಭವಾಗಿ ಅವರನ್ನು ಬಿಟ್ಟುಬಿಡುವ ಮನಸ್ಸು ನನಗಿಲ್ಲ.

ನಮ್ಮ ಓಣಿ ಊರ ಹೊರಗೆ. ನಮ್ಮ ಹಿರಿಯರು ಬುದ್ಧನನ್ನು ಒಪ್ಪಿಕೊಂಡು ಆಗಲೇ ಹದಿನೈದು ವರ್ಷ ಕಳೆದಿದ್ದವು. ಓಣಿಯ ನಡುವೆ ಹಂಚಿನ ಒಂದು ಸಣ್ಣ ವಿಹಾರ ಕಟ್ಟಿಕೊಂಡಿದ್ದೆವು, ಹುಣ್ಣಿಮೆಗೊಮ್ಮೆ ಮೇಣದಬತ್ತಿ ಹಚ್ಚುತ್ತಿದ್ದೆವು. ಬಾವಿಯ ಸಂಗತಿ ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು. ನಮ್ಮ ಹೆಂಗಸರು ಕೊಡಗಳನ್ನು ಬಾವಿಕಟ್ಟೆಯ ಕೆಳಗೆ ದೂರ ಇಟ್ಟು ಕುಕ್ಕರಗಾಲಲ್ಲಿ ಕೂರಬೇಕು. ಊರಿನವರು ಯಾರಾದರೂ ನೀರು ಜಗ್ಗಿ, ಮೇಲಿನಿಂದ ಹಾಕಬೇಕು. ಹಾಕುವವರಿಗೆ ಮನಸ್ಸು ಬಂದಾಗ ಹಾಕಿದರು, ಬರದಿದ್ದರೆ ಇಲ್ಲ. ಬಾಯಾರಿದರೆ ಬೊಗಸೆ ಒಡ್ಡುವುದು. ಇದನ್ನು ತಪ್ಪು ಎನ್ನುವ ಕಾಯಿದೆ ಇತ್ತು. ಅದು ಇಂಡಿಯ ಕಚೇರಿಯ ಕಪಾಟಿನಲ್ಲಿತ್ತು, ನಮ್ಮೂರಿನ ತನಕ ಬರುವ ಬಸ್ಸು ಅದಕ್ಕಿನ್ನೂ ಸಿಕ್ಕಿರಲಿಲ್ಲ.

ಮಾನಪ್ಪನ ತಾಯಿ ದುರ್ಗವ್ವ, ನನಗೆ ದೊಡ್ಡವ್ವ, ಮದುವೆಯಾಗಿ ಬಂದಾಗಿನಿಂದ ಅಲ್ಲಿ ಹಾಗೆ ಕೂತವಳು.

ಇನ್ನು ವಿಯೆಟ್ನಾಮಿನ ಮಾತು. ಅಲ್ಲಿ ನಮ್ಮ ದೇಶವೂ ಸೇರಿ ಮೂರು ದೇಶಗಳ ಒಂದು ಆಯೋಗವಿತ್ತು. ಕದನ ನಿಂತಿದೆಯೋ ಇಲ್ಲವೋ ಎಂದು ನೋಡಿ ಬರೆದಿಡುವುದು ಅದರ ಕೆಲಸ. ಕದನ ನಿಂತಿರಲಿಲ್ಲ, ಇವರು ಬರೆದಿಡುತ್ತಿದ್ದರು. ಆ ಆಯೋಗದ ಬಿಳಿ ಜೀಪಿಗೆ ನಮ್ಮ ಮಾನಪ್ಪ ಚಾಲಕ. ಎಪ್ಪತ್ತೊಂದರಲ್ಲಿ ಅವನನ್ನು ದಾ ನಾಂಗ್ ಎಂಬ ಬಂದರು ಪಟ್ಟಣಕ್ಕೆ ಕಳಿಸಿದ್ದರು. ಅಲ್ಲಿಂದ ಒಂದು ದಿನ ಕ್ಯಾಪ್ಟನ್ ಸಾಹೇಬರನ್ನು ಹೋಯಿ ಆನ್ ಎಂಬ ಹಳೆಯ ಊರಿಗೆ ಕರೆದುಕೊಂಡು ಹೋಗುವ ಕೆಲಸ ಬಿತ್ತು. ಸಾಹೇಬರು ಯಾವುದೋ ಅಧಿಕಾರಿಯ ಮನೆ ಹೊಕ್ಕರು. ಮಧ್ಯಾಹ್ನದ ತನಕ ಬಿಡುವು, ಊಟ ಮಾಡಿಕೊಂಡು ಬಾ ಎಂದರು. ಜತೆಗೆ ಆಯೋಗದ ದುಭಾಷಿ ಇದ್ದ, ಥಾನ್ ಅಂತ ಅವನ ಹೆಸರು, ಸಣ್ಣ ವಯಸ್ಸು. ಇವನದು ಮಿಲಿಟರಿ ಇಂಗ್ಲಿಷು, ಅವನದು ಕಚೇರಿ ಇಂಗ್ಲಿಷು, ಹೇಗೋ ನಡೆಯುತ್ತಿತ್ತು.

ಆ ಊರಿನ ವರ್ಣನೆಯನ್ನು ನಾನು ಮಾನಪ್ಪನ ಬಾಯಿಂದ ಎಷ್ಟು ಸಲ ಕೇಳಿದ್ದೇನೆಂದರೆ, ನನ್ನನ್ನು ಈಗ ಅಲ್ಲಿ ಇಳಿಸಿದರೂ ದಾರಿ ತಪ್ಪಲಾರೆ. ಹೊಳೆಯ ದಂಡೆಗೆ ಹತ್ತಿಕೊಂಡೇ ಹಳದಿ ಗೋಡೆಯ ಮನೆಗಳು. ಹಂಚಿನ ಮೇಲೆ ಪಾಚಿ. ಗೋಡೆಗಳ ಮೇಲೆ ಆಳೆತ್ತರದಲ್ಲಿ ಹಳೆಯ ನೆರೆ ಬಂದುಹೋದ ಕಲೆ. ಒಂದು ಕಾಲಕ್ಕೆ ಚೀನಾದ, ಜಪಾನಿನ, ನಮ್ಮ ಕಡೆಯ ಹಡಗುಗಳೂ ಅಲ್ಲಿ ಬಂದು ರೇಷ್ಮೆ, ಮೆಣಸು, ಪಿಂಗಾಣಿ ತುಂಬಿಕೊಂಡು ಹೋಗುತ್ತಿದ್ದವಂತೆ. ಹೊಳೆಯಲ್ಲಿ ಉಸುಕು ತುಂಬಿತು, ಹಡಗು ದಾ ನಾಂಗಿಗೆ ಹೋದವು, ವ್ಯಾಪಾರಿಗಳು ಹೋದರು. ಉಳಿದವರು ಬಾಗಿಲಲ್ಲಿ ಕೂತು ಚದುರಂಗದ ಕಾಯಿ ನಡೆಸುತ್ತಿದ್ದರು. ಮೇಲೆ ಹೆಲಿಕಾಪ್ಟರ್ ಹೋದರೆ ತಲೆ ಎತ್ತುತ್ತಲೂ ಇರಲಿಲ್ಲ.

"ಒಂದು ಸೇತುವಿ ಐತಿ, ಅದಕ್ಕ ಮನಿಗತೆ ಮಾಳಿಗಿ ಹಾಕ್ಯಾರ. ಈ ಕಡಿ ಕಲ್ಲಿನ ನಾಯಿ, ಆ ಕಡಿ ಕಲ್ಲಿನ ಮಂಗ್ಯಾ" ಎಂದು ಮಾನಪ್ಪ ಹೇಳುತ್ತಿದ್ದ. ಮೀನು ಉಪ್ಪಿನಲ್ಲಿ ಕೊಳೆಹಾಕಿ ಇಳಿಸಿದ ರಸದ ವಾಸನೆಯನ್ನು ಅವನು ಬಣ್ಣಿಸುವಾಗ ಓಣಿಯ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ಮುಚ್ಚಿಕೊಂಡು, "ಮುಂದ?" ಎನ್ನುತ್ತಿದ್ದರು.

ಥಾನ್ ಅವನನ್ನು ಒಬ್ಬ ಮುದುಕಿಯ ಅಂಗಡಿಗೆ ಕರೆದುಕೊಂಡು ಹೋದ. ಅಂಗಡಿ ಅಂದರೆ ಮನೆಯ ಪಡಸಾಲೆಯೇ. ಮೊಣಕಾಲೆತ್ತರದ ಮಣೆಗಳು. ಗೋಡೆಗೆ ಒಂದು ಗೂಡು, ಅದರಲ್ಲಿ ಬುದ್ಧ, ಊದಿನಕಡ್ಡಿ, ಒಂದು ತಟ್ಟೆ ಹಣ್ಣು. ಮುದುಕಿ ಮಾನಪ್ಪನನ್ನು ಆ ಗೂಡಿನ ಪಕ್ಕದಲ್ಲೇ ಕೂರಿಸಿದಳು. ಇವನು ಬುದ್ಧನಿಗೆ ಕೈಮುಗಿದ. ಮುದುಕಿಗೆ ಖುಷಿಯಾಗಿ ಬೋಗುಣಿಗೆ ಇನ್ನೊಂದು ಹಿಡಿ ಜಾಸ್ತಿ ಹಾಕಿದಳು.

ಆ ತಿನಿಸಿಗೆ ಕಾವ್ ಲಾವ್ ಅನ್ನುತ್ತಾರೆ. ನಮ್ಮ ಶಾವಿಗೆಯ ಅಣ್ಣ ಅಂದುಕೊಳ್ಳಿ: ದಪ್ಪ, ಕಂದು ಬಣ್ಣ, ಹಲ್ಲಿಗೆ ಗಟ್ಟಿ. ಕೆಳಗೆ ಹಸಿ ಸೊಪ್ಪು, ಮೊಳಕೆ ಕಾಳು, ನಡುವೆ ಶಾವಿಗೆ, ಮೇಲೆ ತೆಳ್ಳಗೆ ಹೆಚ್ಚಿದ ಮಾಂಸ, ಅದರ ಮೇಲೆ ಅದೇ ಹಿಟ್ಟನ್ನು ಕರಿದು ಮಾಡಿದ ಗರಿಗರಿ ಚೂರು. ಸಾರು ಒಂದೆರಡು ಚಮಚ, ಅಷ್ಟೇ. ಎರಡು ಕಡ್ಡಿ ಕೊಟ್ಟರು. ಮಾನಪ್ಪ ಕಡ್ಡಿಯ ಜತೆ ಸ್ವಲ್ಪ ಹೊತ್ತು ಗುದ್ದಾಡಿ, ಆಮೇಲೆ ತೋಳು ಏರಿಸಿ ಕೈಯಲ್ಲೇ ಉಂಡ. ಅಂಗಡಿಯವರೆಲ್ಲ ನಕ್ಕರು. ಇವನೂ ನಕ್ಕ. ಮೆಣಸಿನಕಾಯಿ ನಮ್ಮ ಕಡೆಯವರಿಗೆ ಯಾವ ಲೆಕ್ಕ ಎಂಬ ಜಂಬದಲ್ಲಿ ಒಂದನ್ನು ಇಡಿಯಾಗಿ ಕಡಿದ, ಬೆವತುಹೋದ.

"ಇದನ್ನ ಹೆಂಗ ಮಾಡ್ತಾರ, ಕೇಳು" ಎಂದು ಥಾನ್‌ಗೆ ದುಂಬಾಲು ಬಿದ್ದ. ಮುದುಕಿ ಹೇಳಿದಳು. ಅಕ್ಕಿ, ಬೂದಿಯ ತಿಳಿನೀರು, ಮತ್ತೆ ಆ ಊರಿನ ಒಂದೇ ಒಂದು ಬಾವಿಯ ನೀರು. ಬೇರೆ ನೀರಿನಲ್ಲಿ ಹಿಟ್ಟು ಕಲಸಿದರೆ ಅದು ಕಾವ್ ಲಾವ್ ಆಗುವುದೇ ಇಲ್ಲ ಎಂದು ಊರಿಗೆ ಊರೇ ಹಠ ಹಿಡಿದು ಹೇಳುತ್ತದಂತೆ.

ಮಾನಪ್ಪ ನೀರು ಕೇಳಿದ. ಹಂಡೆ ಬರಿದಾಗಿತ್ತು. ಮುದುಕಿ ಮೂಲೆಯಿಂದ ಅಡ್ಡೆ ತೆಗೆದು ಎರಡು ಡಬ್ಬಿ ಸಿಗಿಸಿಕೊಂಡು ಬಾಗಿಲು ದಾಟಿದಳು. ಬೆನ್ನು ಬಾಗಿದ ಮುದುಕಿ ಅಡ್ಡೆ ಹೊರುವುದನ್ನು ನೋಡಿಕೊಂಡು ಕೂರುವ ಜಾತಿಯವನಲ್ಲ ನಮ್ಮವನು. ಎದ್ದು ಹೋಗಿ ಅವಳ ಹೆಗಲಿನಿಂದ ಇಳಿಸಿ ತನ್ನ ಹೆಗಲಿಗೆ ಇಟ್ಟುಕೊಂಡ. ಥಾನ್ ಹಿಂದೆ ಬಂದ.

ಸಂದಿಯ ತುದಿಗೆ ಬಾವಿ. ಚೌಕ, ಇಟ್ಟಿಗೆಯ ಗಿಡ್ಡ ಕಟ್ಟೆ. ಇಬ್ಬರು ಹೆಂಗಸರು ಸೊಪ್ಪು ತೊಳೆಯುತ್ತಿದ್ದರು. ಮಾನಪ್ಪ ಡಬ್ಬಿಗಳನ್ನು ಕಟ್ಟೆಯಿಂದ ಸಾಕಷ್ಟು ದೂರ ಇಳಿಸಿದ. ಇಳಿಸಿ, ಗೋಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತ.

ಮುದುಕಿ ಬಾವಿಯ ಹತ್ತಿರ ನಿಂತು ಇವನು ಬಂದಾನು ಎಂದು ಕಾದಳು. ಇವನು ಯಾರಾದರೂ ಬಂದು ನೀರು ಹಾಕಿಯಾರು ಎಂದು ಕಾದ. ಸೊಪ್ಪು ತೊಳೆಯುವವರು ಕೈ ನಿಲ್ಲಿಸಿ ನೋಡಿದರು. ಮಿಲಿಟರಿಯಲ್ಲಿ ಎಲ್ಲಿ ಹೋದರೂ ನಲ್ಲಿ, ಟ್ಯಾಂಕರು. ಬಾವಿ ಎಂಬುದರ ಎದುರು ಅವನು ನಿಂತೇ ಎಷ್ಟೋ ವರ್ಷವಾಗಿತ್ತು. ತಲೆ ಮರೆತಿತ್ತು, ಮೈ ಮರೆತಿರಲಿಲ್ಲ. ಬಾಯಿಯೆಲ್ಲ ಖಾರದಿಂದ ಉರಿಯುತ್ತಿತ್ತು. ಅವನು ಆ ಹೆಂಗಸರ ಕಡೆ ನೋಡಿ, ಬೊಗಸೆ ಮಾಡಿ ಎರಡೂ ಕೈ ಮುಂದೆ ಚಾಚಿದ.

ಎದೆಯ ಮೇಲೆ ಸರಕಾರದ ಸಿಂಹದ ಬಿಲ್ಲೆ, ಕಾಲಲ್ಲಿ ಮಿರುಗುವ ಬೂಟು, ಕೈ ಬೊಗಸೆ. ಇಷ್ಟನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಯಾರದಾದರೂ ಕೊರಳಪಟ್ಟಿ ಹಿಡಿಯಬೇಕು ಅನ್ನಿಸುತ್ತದೆ.

ಮುದುಕಿ ಹತ್ತಿರ ಬಂದು ಅವನ ಹಣೆ ಮುಟ್ಟಿ ನೋಡಿದಳು, ಜ್ವರವೇನೋ ಎಂದು. ಜ್ವರವಿರಲಿಲ್ಲ. ಆಮೇಲೆ ಅವನ ಮಣಿಕಟ್ಟು ಹಿಡಿದು ಎಬ್ಬಿಸಿ, ಕಟ್ಟೆಯ ತನಕ ಎಳೆದುಕೊಂಡು ಹೋಗಿ, ಹಗ್ಗ ಅವನ ಕೈಯಲ್ಲಿಟ್ಟಳು. ಅವನು ನೀರು ಎಳೆದ. ಅರ್ಧ ಚೆಲ್ಲಿತು. ಉಳಿದದ್ದನ್ನು ಕುಡಿದ.

ಥಾನ್ ಕೇಳಿದ: "ನಿಮಗೆ ಬಾವಿ ರೂಢಿಯಿಲ್ಲವೇ?"

ಮಾನಪ್ಪ ಹೇಳಿದ: "ನಮ್ಮೂರಲ್ಲಿ ಬಾವಿಗಳೇ ಇಲ್ಲ. ನಾವು ಹೊಳೆಯ ನೀರು ಕುಡಿಯುತ್ತೇವೆ."

ಥಾನ್ ಅದನ್ನು ಹೆಂಗಸರಿಗೆ ಹೇಳಿದ. ಅಯ್ಯೋ ಪಾಪ, ಬಾವಿಯಿಲ್ಲದ ಊರಂತೆ ಎಂದು ಅವರು ಮರುಗಿದರು. ಮುದುಕಿ ಅಂಗಡಿಗೆ ವಾಪಸು ಬಂದ ಮೇಲೆ ಇನ್ನೊಂದು ಬೋಗುಣಿ ತುಂಬಿ ಅವನ ಮುಂದಿಟ್ಟು, ಅವನು ಮುಗಿಸುವ ತನಕ ಎದುರಿಗೇ ಕೂತಳು. ಮಾನಪ್ಪ ಅದನ್ನೂ ಉಂಡ.

ಈ ಬಾವಿಯ ಮಾತನ್ನು ಮಾತ್ರ ಅವನು ಓಣಿಯಲ್ಲಿ ಹೇಳಿರಲಿಲ್ಲ. ಅಲ್ಲಿ ಹೇಳಿದ್ದು ಶಾವಿಗೆ, ಸೇತುವೆ, ಮೀನಿನ ರಸ. ಒಂದು ದಿನ ತಾಯಿಯನ್ನು ಕೂರಿಸಿಕೊಂಡು ಕಾವ್ ಲಾವ್ ಮಾಡುತ್ತೇನೆಂದು ಹೊರಟ. ಒಲೆಯ ಬೂದಿ ಸೋಸಿ ತಿಳಿನೀರು ತೆಗೆದು ಹಿಟ್ಟು ಕಲಸಿದ. ದೊಡ್ಡವ್ವ ಬಾಯಿಗೆ ಸೆರಗು ಇಟ್ಟು ನಕ್ಕಳು.

"ಶಾವಿಗಿಗೆ ಹಾಲು ಬೆಲ್ಲ ಹಾಕ್ತಾರ, ಹುಚ್ಚಪ್ಪಾ. ಬೂದಿ ಯಾರ ಹಾಕ್ತಾರ?"

ಹಿಟ್ಟು ಎಳೆ ಹಿಡಿಯಲಿಲ್ಲ, ತುಂಡು ತುಂಡಾಯಿತು. ಮಾನಪ್ಪ ಪರಾತವನ್ನು ಅತ್ತ ತಳ್ಳಿದ.

"ಈ ನೀರಾಗ ಆಗಂಗಿಲ್ಲ" ಎಂದ.

"ನೀರಿಗೇನ ಆಗೇತಿ? ಕಸ್ತೂರೆವ್ವ ಮುಂಜಾನೆ ಹಾಕಿದ್ದ ನೀರ."

"ಅದಕ್ಕs ಆಗಂಗಿಲ್ಲ" ಎಂದು ಎದ್ದು ಹೊರಗೆ ಹೋದ.

ಕಸ್ತೂರೆವ್ವ ಊರ ಹಿರಿಯರ ಮನೆಯ ಸೊಸೆ. ದೊಡ್ಡವ್ವನಿಗೆ ಹೆಚ್ಚು ದಿನ ನೀರು ಹಾಕುತ್ತಿದ್ದವಳು ಅವಳೇ. ಕೆಟ್ಟವಳು ಎಂದು ಹೇಳಲಾರೆ. ಕೆಲಸದಲ್ಲಿ ಬಿರುಸು, ಬಾಯಿ ಬಿರುಸು, ತಾನು ಮಾಡುತ್ತಿರುವುದು ಪುಣ್ಯದ ಕೆಲಸ ಎಂದೇ ನಂಬಿದ್ದಳು. ಮರುದಿನ ಮಾನಪ್ಪ ತಾಯಿಯ ಹಿಂದೆಯೇ ಬಾವಿಗೆ ಹೋದ. ತಾಯಿ ಕೂತಳು. ಬಿಸಿಲು ಏರಿತು. ಕಸ್ತೂರೆವ್ವ ಬಂದು ತನ್ನ ಕೊಡ ತುಂಬಿಕೊಂಡು, ಯಾರೊಂದಿಗೋ ಮಾತಾಡಿ, ಆಮೇಲೆ ಮೇಲಿನಿಂದ ನೀರು ಬಿಟ್ಟಳು. ಅರ್ಧ ಕೊಡಕ್ಕೆ, ಅರ್ಧ ದೊಡ್ಡವ್ವನ ಸೀರೆಗೆ. "ಪುಣ್ಯ ಬರಲಿ ನಿಮಗ, ಎವ್ವಾರ" ಎಂದಳು ದೊಡ್ಡವ್ವ. ಮಾನಪ್ಪ ಕಟ್ಟೆಯ ಕಡೆ ಒಂದು ಹೆಜ್ಜೆ ಇಟ್ಟ. ತಾಯಿ ಅವನ ಅಂಗಿಯ ತುದಿ ಹಿಡಿದಳು, ಬಿಡಲಿಲ್ಲ.

ಮನೆಗೆ ಬಂದ ಮೇಲೆ ಜಗಳವಾಯಿತು.

"ನಾ ಜಗ್ತೇನಿ ನೀರು. ಯಾರು ಏನ ಮಾಡ್ತಾರ ನೋಡೂಣು."

"ನಿನಗ ಏನೂ ಮಾಡಂಗಿಲ್ಲಪಾ. ನೀ ದಿರೀಸಿನಾಂವ. ರಜಾ ಮುಗಿದ ಕೂಡ್ಲೆ ಬಸ್ ಹತ್ತಿ ಹೋಗಾಂವ. ನಾ ಇಲ್ಲೇ ಇರಾಕಿ. ನಾಳೆ ಅವರು ನೀರು ಹಾಕೂದು ಬಿಟ್ರ, ನಿನ್ನ ಬಂದೂಕ ಕುಡೀಲೇನು?"

ಮಾನಪ್ಪ ಮನೆಯಲ್ಲಿ ನಿಲ್ಲಲಿಲ್ಲ. ಚೀಲ ಹೆಗಲಿಗೇರಿಸಿ ಸಿಂದಗಿಗೆ ಸೋದರತ್ತೆಯ ಮನೆಗೆ ಹೋದ. ಊಟಕ್ಕೆ ಕೂತವನು ಅರ್ಧಕ್ಕೆ ಎದ್ದು ಮುದ್ದೇಬಿಹಾಳದ ಬಸ್ಸು ಹತ್ತಿದ. ಅಲ್ಲಿ ಹಳೆಯ ಗೆಳೆಯ ಮನೆಯಲ್ಲಿರಲಿಲ್ಲ, ಇದ್ದಿದ್ದರೂ ಇವನು ನಿಲ್ಲುತ್ತಿರಲಿಲ್ಲ. ಕೊನೆಗೆ ಬಸವನ ಬಾಗೇವಾಡಿಗೆ ನನ್ನ ಖೋಲಿಗೆ ಬಂದ. ನಾನು ಅಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ಚಹಾ ಮಾಡಿ ಕೊಟ್ಟೆ. ಕಪ್ಪು ಹಿಡಿದುಕೊಂಡೇ ಖೋಲಿಯ ಉದ್ದಗಲ ಅಳೆಯುತ್ತ, ಬಾವಿಯ ಸಂಗತಿಯನ್ನು ಅಲ್ಲಿ ಮೊದಲ ಸಲ ಬಿಚ್ಚಿದ.

"ಖರೇ ಹೇಳಿದ್ರ ಏನಾಗ್ತಿತ್ತಣ್ಣಾ?" ಎಂದೆ.

"ದೇಶದ ಮರ್ಯಾದಿ ಹೋಗ್ತಿತ್ತು. ಊರ ಮರ್ಯಾದಿ ಹೋಗ್ತಿತ್ತು." ಖೋಲಿಯಲ್ಲಿ ಇನ್ನೊಂದು ಸುತ್ತು ಹಾಕಿದ. "ನಮ್ಮವ್ವಗ ಬಾವಿ ಮುಟ್ಟಗೊಡದ ಊರಿನ ಮರ್ಯಾದಿ ಉಳಸಾಕ ನಾ ಬಾವಿನೇ ಇಲ್ಲ ಅಂದೆ ನೋಡು ಚಂದ್ಯಾ. ಆ ಮುದುಕಿ ನನ್ನ ಮ್ಯಾಲ ಕನಿಕರ ಪಟ್ಟು ಇನ್ನೊಂದು ಬೋಗುಣಿ ಕೊಟ್ಟಳು. ಅಷ್ಟು ಹೊಟ್ಟಿ ತುಂಬ ಉಂಡು ಅಷ್ಟು ಸಂಕಟಪಟ್ಟಿದ್ದು ನನ್ನ ಜೀವಮಾನದಾಗ ಇಲ್ಲ."

ನಾನು ಮಾಸ್ತರಲ್ಲವೇ, ಉಪದೇಶ ಬಾಯಿಗೆ ಬಂತು. ಇಂಡಿಗೆ ಹೋಗಿ ಅರ್ಜಿ ಕೊಡೋಣ, ಪೊಲೀಸರನ್ನು ಕರೆಸೋಣ ಎಂದೆ. ಅವನು ನನ್ನನ್ನು ದಿಟ್ಟಿಸಿ ನೋಡಿದ.

"ಪೊಲೀಸರು ಸಂಜಿಕ ಹೋಗ್ತಾರ. ನಾನೂ ಹೋಗ್ತೇನಿ. ನೀನೂ ಬಾಗೇವಾಡಿಗೆ ಹೋಗ್ತಿ. ಅವ್ವ ಹೇಳಿದ್ದು ಅದs."

ನನಗೆ ಸಿಟ್ಟು ಬಂತು, ಯಾಕೆಂದರೆ ಅದು ಖರೇ ಇತ್ತು. ಕಪ್ಪು ಇಟ್ಟು ಅವನು ಎದ್ದ. ರಜೆ ಇನ್ನೂ ಉಳಿದಿತ್ತು. ಊರಿಗೆ ಹೋಗಿ ತಾಯಿಯ ಕಾಲು ಮುಟ್ಟಿ ಮರುದಿನವೇ ರೈಲು ಹತ್ತಿದನಂತೆ.

ಎಪ್ಪತ್ನಾಲ್ಕರಲ್ಲಿ ಅವನ ಮಿಲಿಟರಿಯ ಹದಿನೈದು ವರ್ಷ ಮುಗಿದವು. ಇನ್ನೂ ಮುಂದುವರಿಯಬಹುದಿತ್ತು, ಹವಾಲ್ದಾರ ಆಗುತ್ತಿದ್ದ, ಸಾಹೇಬರೇ ಉಳಿ ಎಂದಿದ್ದರು. ಉಳಿಯಲಿಲ್ಲ. ಕಬ್ಬಿಣದ ಟ್ರಂಕು ಹೊತ್ತುಕೊಂಡು ಊರಿಗೆ ಬಂದ. ಅಂದು ರವಿವಾರ, ನಾನೂ ಊರಲ್ಲಿದ್ದೆ. ಟ್ರಂಕನ್ನು ಅಂಗಳದಲ್ಲಿ ಇಳಿಸಿ, ದಿರೀಸು ಬಿಚ್ಚಿ ಮಡಿಚಿಟ್ಟು, ಧೋತರ ಸುತ್ತಿಕೊಂಡು ತಾಯಿಯ ಮುಂದೆ ನಿಂತ.

"ಯವ್ವಾ, ಇನ್ನ ನಾ ಹೋಗಾಂವ ಅಲ್ಲ. ಇಲ್ಲೇ ಇರಾಂವ."

ದೊಡ್ಡವ್ವ ಅವನನ್ನೂ ಟ್ರಂಕನ್ನೂ ನೋಡಿದಳು. ಮಗ ನೌಕರಿ ಬಿಟ್ಟ ಸಂಕಟವೋ, ಮುಂದೆ ಆಗುವುದರ ಹೆದರಿಕೆಯೋ, ಎರಡೂ ಮುಖದಲ್ಲಿ ಕಾಣುತ್ತಿದ್ದವು. ಆಮೇಲೆ ಎದ್ದು ಎರಡು ಕೊಡ ತೆಗೆದುಕೊಂಡಳು. ಮಾನಪ್ಪ ಕೈ ಚಾಚಿದ. ಕೊಡಲಿಲ್ಲ.

"ನೀ ಜಗ್ಗಿದ್ರ ನೀ ಜಗ್ಗಿದಂಗಾತು. ಕುಡಿಯಾಕಿ ನಾನು" ಎಂದಳು.

ಬಾವಿಯ ಹತ್ತಿರ ಏಳೆಂಟು ಜನರಿದ್ದರು. ದೊಡ್ಡವ್ವ ಯಾವತ್ತೂ ಕೂರುವ ಜಾಗ ದಾಟಿ ನಡೆದಳು. ನೀರು ಜಗ್ಗುತ್ತಿದ್ದವರು ಕೈ ನಿಲ್ಲಿಸಿದರು. ಮಾನಪ್ಪ ಒಂದು ಮಗ್ಗುಲಿಗೆ, ನಾನು ಒಂದು ಮಗ್ಗುಲಿಗೆ. ಒಬ್ಬ ಗಂಡಸು ಸರಸರ ಊರ ಕಡೆ ಹೋದ, ಯಾರನ್ನೋ ಕರೆತರಲು. ದೊಡ್ಡವ್ವ ಕಟ್ಟೆ ಹತ್ತಿ, ತಾನೇ ತಂದಿದ್ದ ಹಗ್ಗವನ್ನು ಕೊಡದ ಕೊರಳಿಗೆ ಬಿಗಿದು, ಒಳಗೆ ಬಿಟ್ಟಳು.

ಕೊಡ ನೀರಿಗೆ ಬಿತ್ತು. ಬಿದ್ದು, ತೇಲತೊಡಗಿತು. ದೊಡ್ಡವ್ವ ಹಗ್ಗ ಎತ್ತಿದಳು, ಬಿಟ್ಟಳು. ಕೊಡ ಮಗ್ಗುಲಾಗಲಿಲ್ಲ. ಎಳೆದರೆ ಬರಿಗೊಡ ಮೇಲೆ ಬಂತು. ಮತ್ತೆ ಬಿಟ್ಟಳು. ಮತ್ತೆ ಬರಿಗೊಡ. ಮದುವೆಯಾಗಿ ಬಂದಾಗಿನಿಂದ ಆ ಬಾವಿಯ ನೀರನ್ನು ತಲೆಯ ಮೇಲೆ ಹೊತ್ತ ಹೆಂಗಸಿಗೆ ಆ ಬಾವಿಯಲ್ಲಿ ಒಂದು ಕೊಡ ಮುಳುಗಿಸಲು ಬರುತ್ತಿರಲಿಲ್ಲ. ಇದನ್ನು ನಾವು ಯಾರೂ ಯೋಚಿಸಿರಲಿಲ್ಲ. ಮಾನಪ್ಪನ ಕಣ್ಣಲ್ಲಿ ನೀರು ಬಂತು. ಅವನು ಹಗ್ಗಕ್ಕೆ ಕೈ ಹಾಕಲು ಹೋದ.

"ಮುಟ್ಟಬ್ಯಾಡ" ಎಂದಳು ತಾಯಿ.

ಎದುರು ಬದಿಯಲ್ಲಿ ಕಸ್ತೂರೆವ್ವ ಬರಿಗೊಡ ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು. ಮುಖ ಕೆಂಪಗಾಗಿತ್ತು, ಈಗ ಬೈಯುತ್ತಾಳೆ ಎಂದು ನಾನು ಹಲ್ಲು ಕಚ್ಚಿಕೊಂಡೆ. ಮೂರನೆಯ ಸಲವೂ ಕೊಡ ತೇಲತೊಡಗಿದಾಗ ಅವಳಿಗೆ ತಡೆಯಲಾಗಲಿಲ್ಲ. ಕೆಲಸಗೇಡಿತನ ಕಂಡರೆ ಆಗದ ಹೆಂಗಸು.

"ಹಂಗಲ್ಲ ದುರ್ಗಿ, ಹಗ್ಗ ಒಂದೀಟ ಜಾಡಸು. ಬಾಯಿ ಮಗ್ಗಲಾದ ಮ್ಯಾಲ ಸಡ್ಲ ಬಿಡು."

ದೊಡ್ಡವ್ವ ಹಗ್ಗ ಜಾಡಿಸಿದಳು. ಕೊಡ ಮಗ್ಗುಲಾಯಿತು, ಗುಳುಗುಳು ಎಂದು ನೀರು ಕುಡಿದು ಮುಳುಗಿತು. ಎರಡೂ ಕೈಯಲ್ಲಿ ಜಗ್ಗಿ ಜಗ್ಗಿ ಮೇಲೆ ತಂದು ಕಟ್ಟೆಯ ಮೇಲಿಟ್ಟಳು. ಉಸಿರು ಏರಿತ್ತು. ಕಸ್ತೂರೆವ್ವನ ಕಡೆ ನೋಡಿ, ಅಷ್ಟು ವರ್ಷದ ಉಪಕಾರ ತೀರಿಸುವವಳ ದನಿಯಲ್ಲಿ ಹೇಳಿದಳು:

"ನಿಮ್ಮ ಕೊಡ ಇಡ್ರಿ ಎವ್ವಾರ. ನಾ ಹಾಕ್ತೇನಿ."

ಅವಳು ಕುಹಕಕ್ಕೆ ಹೇಳಿದ್ದಲ್ಲ. ದೊಡ್ಡವ್ವನಿಗೆ ಕುಹಕ ಬರುತ್ತಿರಲಿಲ್ಲ. ಕಸ್ತೂರೆವ್ವ ತಾನು ಆಡಿದ ಮಾತು ಆಗಷ್ಟೇ ತನ್ನ ಕಿವಿಗೆ ಬಿದ್ದವಳಂತೆ ಸುತ್ತಲೂ ನೋಡಿದಳು. ಆಮೇಲೆ ಬರಿಗೊಡವನ್ನು ಹಾಗೇ ಹಿಡಿದುಕೊಂಡು ಮನೆಯ ದಾರಿ ಹಿಡಿದಳು. ಉಳಿದವರೂ ಒಬ್ಬೊಬ್ಬರಾಗಿ ಹೋದರು.

ಊರ ಕಡೆಯಿಂದ ಗಂಡಸರು ಬರುತ್ತಿರುವುದು ಕಂಡಿತು. ಮಾನಪ್ಪ ಕಟ್ಟೆಗೆ ಬೆನ್ನು ಕೊಟ್ಟು ಅವರ ಕಡೆ ಮುಖ ಮಾಡಿ ಕೂತ. ಕೂತವನು ಏಳಲಿಲ್ಲ. ಅವನ ಹಿಂದೆ ದೊಡ್ಡವ್ವ ಹಗ್ಗ ಬಿಚ್ಚಿ ಎರಡನೆಯ ಕೊಡಕ್ಕೆ ಕಟ್ಟುತ್ತಿದ್ದಳು.